ಇಪ್ಪತ್ತು ನಿಮಿಷದ ಸಂದರ್ಶನದಲ್ಲಿ ನಿಮ್ಮದೊಂದು ಪ್ರಶ್ನೆ

ಸಂಗೀತಗಾರರಿಗೆ ಕೇಳಲೆಂದು ಕೆಲವು ಪತ್ರಿಕೆಗಳು ಅಭಿಮಾನಿಗಳಿಂದ ಪ್ರಶ್ನೆ ತರಿಸಿಕೊಳ್ಳುತ್ತವೆ. ನಿಮ್ಮ ಪ್ರಶ್ನೆ ಆಯ್ಕೆಯಾಗುವಂತೆ ಬರೆಯುವುದು ಹೇಗೆ? ಮೊದಲು ಲೆಕ್ಕ. ದೇಶ ಸುತ್ತುತ್ತಿರುವ ಜಪಾನಿ ರಾಕ್ ಸಂಗೀತಗಾರರು ಒಂದು ಪತ್ರಿಕೆಗೆ ಕೊಡುವ ಹೊತ್ತು ಸಾಮಾನ್ಯವಾಗಿ ಇಪ್ಪತ್ತು ನಿಮಿಷ, ಅದೃಷ್ಟವಿದ್ದರೆ ಮೂವತ್ತು. ಸೌಂಡ್‌ಚೆಕ್ ಮುಗಿದ ಮೇಲೆ, ಸಭಾಂಗಣದ ಬಾಗಿಲು ತೆರೆಯುವ ಮೊದಲು, ವೇದಿಕೆಯ ಹಿಂದಿನ ಇಕ್ಕಟ್ಟಾದ ಕೋಣೆಯಲ್ಲಿ ಅದು ನಡೆಯುತ್ತದೆ. ನಡುವೆ ದುಭಾಷಿ ಕುಳಿತಿದ್ದರೆ ಪ್ರತಿ ಮಾತನ್ನೂ ಎರಡು ಸಲ ಆಡಬೇಕು. ಇಪ್ಪತ್ತು ಹತ್ತಕ್ಕೆ ಇಳಿಯಿತು. ಬಾಗಿ ವಂದಿಸಿ, ಎರಡೂ ಕೈಯಿಂದ ವಿಸಿಟಿಂಗ್ ಕಾರ್ಡ್ ಕೊಟ್ಟು, ಅವರದನ್ನು ಪಡೆದು, ಧ್ವನಿಮುದ್ರಣಕ್ಕೆ ಅನುಮತಿ ಕೇಳುವಷ್ಟರಲ್ಲಿ ಇನ್ನೆರಡು ನಿಮಿಷ ಹೋಗಿರುತ್ತದೆ. ಉಳಿದ ಎಂಟರಲ್ಲಿ ಆರೇಳು ಪ್ರಶ್ನೆ ಹಿಡಿಸಿದರೆ ದೊಡ್ಡದು. ಅವುಗಳಲ್ಲಿ ಹೊಸ ಆಲ್ಬಮ್ಮಿನ ಬಗ್ಗೆ ಒಂದು, ಪ್ರವಾಸದ ಬಗ್ಗೆ ಒಂದು ಇರಲೇಬೇಕು. ಸಂದರ್ಶನಕ್ಕೆ ಅವರು ಒಪ್ಪಿದ್ದೇ ಅದಕ್ಕಾಗಿ. ಕೊನೆಯದು "ಅಭಿಮಾನಿಗಳಿಗೆ ನಿಮ್ಮ ಸಂದೇಶವೇನು?" ಎಂಬುದು. ಜಪಾನಿನ ಸಂಗೀತ ಸಂದರ್ಶನಗಳಲ್ಲಿ ಅದು ಕಛೇರಿಯ ಕೊನೆಯ ಮಂಗಳವಿದ್ದ ಹಾಗೆ, ಹಾಡದೆ ಯಾರೂ ಏಳುವುದಿಲ್ಲ. ಹಾಗಾಗಿ ಅಭಿಮಾನಿಗಳು ಕಳುಹಿಸಿದ ರಾಶಿಯಲ್ಲಿ ಗೆಲ್ಲುವುದು ಮೂರು ಪ್ರಶ್ನೆ, ಹೆಚ್ಚೆಂದರೆ ನಾಲ್ಕು.

ಆ ರಾಶಿಯನ್ನು ಸೋಸುವ ಕೆಲಸವನ್ನು ಒಂದು ಸಣ್ಣ ಸಂಗೀತ ಪತ್ರಿಕೆಗಾಗಿ ನಾನು ಕೆಲವು ವರ್ಷ ಮಾಡಿದ್ದೇನೆ. ನಾನಿರುವುದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ. ಜಪಾನಿ ಕಂಪನಿಗಳು, ಜಪಾನಿ ಪುಸ್ತಕದಂಗಡಿ, ಇಮ್ಮರ್‌ಮನ್ ರಸ್ತೆಯುದ್ದಕ್ಕೂ ರಾಮೆನ್ ಹೋಟೆಲುಗಳು ಇರುವ ಊರು. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಆನಿಮೆಗಳ (ಜಪಾನಿ ಆನಿಮೇಷನ್ ಧಾರಾವಾಹಿಗಳ) ಆರಂಭಗೀತೆ ಕೇಳುತ್ತ ಕೇಳುತ್ತ ಈ ಸಂಗೀತಕ್ಕೆ ಬಿದ್ದವಳು. "ಚಿಕ್ಕಮ್ಮ, ನಾನೂ ಒಂದು ಪ್ರಶ್ನೆ ಕಳುಹಿಸಬೇಕು, ಹೇಗೆ ಬರೆಯಲಿ?" ಎಂದು ಅವಳು ಕೇಳಿದಾಗ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. ಉದಾಹರಣೆಗೆ ಬಹುಪಾಲು ಮಿಯಾವಿ ಅವರನ್ನು ಇಟ್ಟುಕೊಂಡಿದ್ದೇನೆ. ದೇಶ ದೇಶ ಸುತ್ತಿ ನುಡಿಸಿದ ಗಿಟಾರ್ ವಾದಕ, ನಟರೂ ಹೌದು. ಅವರ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆದಾಗಿದೆ. ಅದೇ ತೊಂದರೆ ಕೂಡ, ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಉತ್ತರ ಸಿಗುವ ಪ್ರಶ್ನೆಗಳನ್ನು ನೀವೇ ಹೊಡೆದುಹಾಕಿ

ಒಂದು ಸಂಜೆ ಕುಳಿತು ಕಲಾವಿದರ ಬಗ್ಗೆ ಪ್ರಕಟವಾಗಿರುವುದನ್ನು ಓದಿ. ಮಿಯಾವಿ ಹುಟ್ಟಿದ್ದು 1981ರಲ್ಲಿ, ಒಸಾಕದಲ್ಲಿ. ಹುಡುಗನಾಗಿದ್ದಾಗ ಫುಟ್‌ಬಾಲ್ ಆಟಗಾರ, ಸೆರೆಜೊ ಒಸಾಕ ಕ್ಲಬ್ಬಿನ ಕಿರಿಯರ ತಂಡದಲ್ಲಿದ್ದವರು. ಗಾಯವಾಗಿ ಆಟ ನಿಂತಿತು, ಹದಿನೈದರ ಸುಮಾರಿಗೆ ಗಿಟಾರ್ ಹಿಡಿದರು. ಡ್ಯೂ ಲೆ ಕ್ವಾರ್ಟ್ಜ್ ಎಂಬ ವಿಷುವಲ್ ಕೇ (ವೇಷಕ್ಕೂ ಹಾಡಿನಷ್ಟೇ ಮಹತ್ವ ಕೊಡುವ ರಾಕ್) ಬ್ಯಾಂಡಿನಲ್ಲಿದ್ದರು. 2002ರಲ್ಲಿ ಅದು ಮುಗಿದ ಮೇಲೆ ಅದೇ ವರ್ಷ 'ಗಗಾಕು' ಎಂಬ ಆಲ್ಬಮ್ಮಿನೊಂದಿಗೆ ಒಂಟಿಯಾಗಿ ಹೊರಟರು. ವೇದಿಕೆಯ ಹೆಸರು 'ಮಿಯಾಬಿ' ಎಂಬ ಪದದಿಂದ ಬಂದದ್ದು, ಸೊಬಗು, ಆಸ್ಥಾನದ ನಾಜೂಕು ಎಂಬ ಅರ್ಥ.

ಇಷ್ಟು ತಿಳಿದ ಮೇಲೆ "ನೀವು ಗಿಟಾರ್ ಕಲಿತದ್ದು ಹೇಗೆ?", "ನಿಮ್ಮ ಹೆಸರಿನ ಅರ್ಥವೇನು?" ಎಂಬ ಪ್ರಶ್ನೆಗಳು ಸತ್ತವು. ಅಂಥವು ಪ್ರತಿ ಸಲವೂ ಬರುತ್ತಿದ್ದವು, ನಾನು ಪ್ರತಿ ಸಲವೂ ತೆಗೆದುಹಾಕುತ್ತಿದ್ದೆ. ಆದರೆ ಸತ್ತ ಪ್ರಶ್ನೆಯ ಬೂದಿಯಲ್ಲಿ ಕೆಂಡವಿರುತ್ತದೆ. ಫುಟ್‌ಬಾಲ್ ಆಡಿದ್ದು ಎಲ್ಲರಿಗೂ ಗೊತ್ತು, ಆದರೆ ಆಟದಿಂದ ವೇದಿಕೆಗೆ ಬಂದದ್ದೇನು? "ಪಂದ್ಯದ ಮೊದಲು ಮಾಡುತ್ತಿದ್ದ ಯಾವ ಅಭ್ಯಾಸವನ್ನು ವೇದಿಕೆ ಏರುವ ಮೊದಲು ಈಗಲೂ ಮಾಡುತ್ತೀರಿ?" ಎಂದು ಕೇಳಿದರೆ ಅವರು ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಪ್ರಕಟವಾದ ಮಾಹಿತಿಯನ್ನು ಉತ್ತರವೆಂದುಕೊಳ್ಳದೆ ಮೆಟ್ಟಿಲೆಂದುಕೊಂಡರೆ ಆಯಿತು.

ಇದೇ ಕಸದ ಬುಟ್ಟಿಗೆ ಇನ್ನೂ ಮೂರು: ನೆಚ್ಚಿನ ತಿನಿಸು ಯಾವುದು, ನಮ್ಮ ಊರು ಹೇಗನಿಸಿತು, ಮತ್ತೆ ಯಾವಾಗ ಬರುತ್ತೀರಿ. ಎರಡನೆಯದಕ್ಕೆ ಅವರು ವಿಮಾನ ನಿಲ್ದಾಣ, ಹೋಟೆಲ್ ಮತ್ತು ಈ ಕೋಣೆಯನ್ನು ಮಾತ್ರ ನೋಡಿರುತ್ತಾರೆ. ಮೂರನೆಯದರ ಉತ್ತರ ಅವರ ಕೈಯಲ್ಲಿಲ್ಲ, ಪ್ರವಾಸದ ಏರ್ಪಾಟು ಮಾಡುವವರ ಕೈಯಲ್ಲಿದೆ. ಸಂದೇಶದ ಪ್ರಶ್ನೆಯನ್ನೂ ಕಳುಹಿಸಬೇಡಿ, ಅದು ಹೇಗೂ ಬರುತ್ತದೆ ಎಂದು ಆಗಲೇ ಹೇಳಿದೆ.

ಹೆಜ್ಜೆ 2: ಮೆಚ್ಚಿದ್ದನ್ನು ಬಿಡಿ, ನೋಡಿದ್ದನ್ನು ಬರೆಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ.

ಅಭಿಮಾನಿಯ ಬಳಿ ಇರುವ ಒಂದು ಆಸ್ತಿ ವೃತ್ತಿಯ ಪತ್ರಕರ್ತರ ಬಳಿ ಇರುವುದಿಲ್ಲ. ಅವರು ಆಲ್ಬಮ್ಮನ್ನು ಎರಡು ಸಲ ಕೇಳಿ ಬಂದಿರುತ್ತಾರೆ, ನೀವು ಇನ್ನೂರು ಸಲ ಕೇಳಿರುತ್ತೀರಿ. ಕಾರ್ಯಕ್ರಮದ ವಿಡಿಯೊಗಳನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಕೈ ಹೇಗೆ ಹೊರಳಿತು ಎಂದು ನೋಡಿರುತ್ತೀರಿ. ಆ ಕಣ್ಣನ್ನು ಪ್ರಶ್ನೆಗೆ ಹಾಕದೆ, ಬರೀ ಪ್ರೀತಿಯನ್ನು ಹಾಕಿ ಕಳುಹಿಸುವುದು ನಷ್ಟದ ವ್ಯಾಪಾರ.

ಮಿಯಾವಿ ಅವರ ಬಲಗೈ ನೋಡಿ. ತಂತಿ ಮೀಟುವ ಬಿಲ್ಲೆ, ಅಂದರೆ ಪಿಕ್, ಇರುವುದಿಲ್ಲ. ಹೆಬ್ಬೆರಳು ತಂತಿಯ ಮೇಲೆ ಬಡಿಯುತ್ತದೆ, ಉಳಿದ ಬೆರಳುಗಳು ತಂತಿಯನ್ನು ಎಳೆದು ಬಿಡುತ್ತವೆ. ಬಾಸ್ ಗಿಟಾರಿನಲ್ಲಿ ಸ್ಲ್ಯಾಪ್ ಎಂದು ಕರೆಯುವ ಈ ಪಟ್ಟನ್ನು ಅವರು ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿಗೆ ತಂದಿದ್ದಾರೆ. ಜಪಾನಿನ ಶಾಮಿಸೆನ್ ವಾದ್ಯದಲ್ಲಿ, ಅದರಲ್ಲೂ ಉತ್ತರದ ತ್ಸುಗಾರು ಶೈಲಿಯಲ್ಲಿ, 'ಬಾಚಿ' ಎಂಬ ಅಗಲವಾದ ಮೀಟುಗೋಲು ತಂತಿಯನ್ನು ಮೀಟುತ್ತಲೇ ಕೆಳಗಿನ ಚರ್ಮಕ್ಕೂ ಹೊಡೆಯುತ್ತದೆ. ಒಂದೇ ಏಟಿಗೆ ಸ್ವರವೂ ತಾಳವೂ ಹುಟ್ಟುತ್ತವೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿದವರಿಗೆ ನಂಟು ತಾನಾಗಿ ಹೊಳೆಯುತ್ತದೆ. 2010ರ 'ವಾಟ್ಸ್ ಮೈ ನೇಮ್?' ಆಲ್ಬಮ್ಮಿನಲ್ಲಂತೂ ಬೊಬೊ ಎಂಬ ಡ್ರಮ್ ವಾದಕರನ್ನು ಮಾತ್ರ ಜೊತೆಗೆ ಕರೆದುಕೊಂಡು, ಗಿಟಾರ್ ಮತ್ತು ಡ್ರಮ್ ಎರಡರಲ್ಲೇ ಕಟ್ಟಡ ನಿಲ್ಲಿಸಿದರು.

ಈಗ ಒಂದು ಪ್ರಶ್ನೆ ಹೇಗೆ ಬೆಳೆಯುತ್ತದೆ ನೋಡಿ. ಅಕ್ಕನ ಮಗಳ ಮೊದಲ ಕರಡು: "ನಿಮ್ಮ ಗಿಟಾರ್ ಶೈಲಿ ಅದ್ಭುತ! ಅದರ ರಹಸ್ಯವೇನು?" ಇದಕ್ಕೆ "ಧನ್ಯವಾದ, ಅಭ್ಯಾಸ" ಎಂಬುದನ್ನು ಬಿಟ್ಟು ಬೇರೆ ಉತ್ತರ ಬರುವುದು ಕಷ್ಟ. ಎರಡನೆಯ ಕರಡು: "ನೀವು ಪಿಕ್ ಏಕೆ ಬಳಸುವುದಿಲ್ಲ?" ಸ್ವಲ್ಪ ವಾಸಿ, ಆದರೆ ಅವರು ಇದನ್ನು ನೂರು ಸಲ ಹೇಳಿದ್ದಾರೆ. ಮೂರನೆಯದಕ್ಕೆ ಮೊದಲು ಅವಳಿಗೆ ಒಂದು ಮಾತು ಕೇಳಿದೆ, "ನೀನು ನೋಡಿದ್ದೇನು?" ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಚಿಕ್ಕಮ್ಮ, ಅಷ್ಟು ಜೋರಾಗಿ ಹೊಡೆದರೆ ಬೆರಳು ನೋಯುವುದಿಲ್ಲವೇ?" ಅಲ್ಲಿತ್ತು ಪ್ರಶ್ನೆ. ತಿದ್ದಿದ ರೂಪ ಹೀಗೆ: "ಪ್ರವಾಸದ ಇಪ್ಪತ್ತನೆಯ ರಾತ್ರಿ ಹೆಬ್ಬೆರಳು ನೋಯುತ್ತಿದ್ದರೆ, ನುಡಿಸುವ ಬಗೆಯಲ್ಲಿ ಏನನ್ನು ಬದಲಾಯಿಸುತ್ತೀರಿ?"

ಇದರಲ್ಲಿ ಹೊಗಳಿಕೆ ಇಲ್ಲ, ಆದರೆ ಅವಳು ಎಷ್ಟು ಗಮನವಿಟ್ಟು ನೋಡಿದ್ದಾಳೆ ಎಂಬುದು ಗೊತ್ತಾಗುತ್ತದೆ. ಆ ವಾದಕರು ಮಾತ್ರ ಉತ್ತರಿಸಬಹುದಾದ ಪ್ರಶ್ನೆ ಇದು. ಹೆಸರು ಬದಲಿಸಿ ಇನ್ನೊಬ್ಬ ಗಾಯಕರಿಗೆ ಕಳುಹಿಸಲು ಬರುವುದಿಲ್ಲ. ಪ್ರಶ್ನೆ ಬರೆದಾದ ಮೇಲೆ ಈ ಪರೀಕ್ಷೆ ಮಾಡಿ ನೋಡಿ: ಕಲಾವಿದರ ಹೆಸರು ಅಳಿಸಿ ಬೇರೆ ಯಾವುದಾದರೂ ಬ್ಯಾಂಡಿನ ಹೆಸರು ಹಾಕಿ. ಪ್ರಶ್ನೆ ಹಾಗೆಯೇ ನಿಂತರೆ ಹರಿದುಹಾಕಿ.

"ಅತ್ಯಂತ ಇಷ್ಟದ ಹಾಡು" ಕೇಳುವವರಿಗೂ ಇದೇ ಮದ್ದು. ಎಲ್ಲ ಹಾಡುಗಳೂ ತಮ್ಮ ಮಕ್ಕಳಿದ್ದಂತೆ ಎಂದು ಲೋಕದ ಸಂಗೀತಗಾರರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ. ಅದರ ಬದಲು ಹಾಡುಪಟ್ಟಿಗಳನ್ನು ಹೋಲಿಸಿ ನೋಡಿ. ಪ್ರವಾಸದ ಮೊದಲ ಮೂರು ಊರುಗಳಲ್ಲಿ ನುಡಿಸಿದ ಹಾಡು ನಾಲ್ಕನೆಯದರಲ್ಲಿ ಮಾಯವಾಗಿದ್ದರೆ, "ಆ ಹಾಡನ್ನು ಕೈಬಿಟ್ಟದ್ದೇಕೆ?" ಎಂದು ಕೇಳಿ. ಇಷ್ಟದ ಹಾಡಿನ ಬಗ್ಗೆ ಹೇಳದ ಸತ್ಯವನ್ನು ಕೈಬಿಟ್ಟ ಹಾಡಿನ ಬಗ್ಗೆ ಹೇಳುತ್ತಾರೆ.

ಹೆಜ್ಜೆ 3: ಒಂದೇ ಕ್ರಿಯಾಪದ

ಒಮ್ಮೆ ನನ್ನದೇ ತಪ್ಪು. ಮೂರು ಕವಲಿರುವ, ಆರು ಸಾಲಿನ ಪ್ರಶ್ನೆಯೊಂದನ್ನು ಪಟ್ಟಿಯಲ್ಲಿ ಹಾಗೆಯೇ ಬಿಟ್ಟಿದ್ದೆ, ಬರೆದವರ ಶ್ರಮ ನೋಡಿ ಕತ್ತರಿಸಲು ಮನಸ್ಸಾಗಿರಲಿಲ್ಲ. ಬಾಲ್ಯದ ಜಾನಪದ ಹಾಡುಗಳು, ಅವುಗಳ ಸ್ವರಶ್ರೇಣಿ, ಈಗಿನ ರಾಗಸಂಯೋಜನೆ ಎಲ್ಲ ಅದರಲ್ಲಿತ್ತು. ದುಭಾಷಿ ಪೂರ್ತಿ ಕೇಳಿಸಿಕೊಂಡರು, ತಲೆ ಆಡಿಸಿದರು, ಜಪಾನಿಯಲ್ಲಿ ಐದಾರು ಪದ ಹೇಳಿದರು. ಸಂಗೀತಗಾರರು "ಹೌದು, ಇಷ್ಟ" ಎಂದರು. ಆರು ಸಾಲು ಹೋಗಿ "ಜಾನಪದ ಹಾಡು ಇಷ್ಟವೇ?" ಎಂದಷ್ಟೇ ಆಗಿತ್ತು. ದುಭಾಷಿಯನ್ನು ಬೈಯುವಂತಿರಲಿಲ್ಲ.

ಆದ್ದರಿಂದ ಒಂದು ಪ್ರಶ್ನೆಗೆ ಒಂದು ವಾಕ್ಯ, ಒಂದು ವಾಕ್ಯಕ್ಕೆ ಒಂದು ಮುಖ್ಯ ಕ್ರಿಯಾಪದ. ಹಿನ್ನೆಲೆ ಬೇಕೇ ಬೇಕೆಂದರೆ ಅದನ್ನು ಬೇರೆ ವಾಕ್ಯವಾಗಿ ಮೊದಲೇ ಹೇಳಿ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಮ್ಮ ವಾಕ್ಯದಂತೆ ಜಪಾನಿ ವಾಕ್ಯದಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಕೊನೆಗೆ ಅಂಟುತ್ತವೆ. "ತಿಂದಿರಿ" ಎಂಬುದರ ತುದಿಗೆ 'ಆ' ಸೇರಿಸಿ "ತಿಂದಿರಾ" ಎಂದು ನಾವು ಕೇಳುವ ಹಾಗೆ ಅವರು "ತಾಬೆಮಾಶಿತ" ಎಂಬುದರ ಕೊನೆಗೆ 'ಕಾ' ಹಚ್ಚುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಒಂದು ಉಸಿರಿಗೆ ಓದಲು ಬಂದರೆ ಜಪಾನಿಗೂ ಸಲೀಸಾಗಿ ಹೋಗುತ್ತದೆ. ಪತ್ರಿಕೆ ಇಂಗ್ಲಿಷಿನಲ್ಲೇ ಕೇಳಿದ್ದರೂ, ಈ ಚಿಕ್ಕ ಕನ್ನಡ ವಾಕ್ಯದಿಂದ ಅನುವಾದಿಸಿದ ಪ್ರಶ್ನೆ ಚಿಕ್ಕದಾಗಿಯೇ ಉಳಿಯುತ್ತದೆ.

ಇನ್ನು ಕೆಲವು ಸೂಕ್ಷ್ಮಗಳು. ಎದುರಿಗಿರುವವರನ್ನು "ನೀವು" ಎನ್ನುವ ಪದ ಜಪಾನಿಯಲ್ಲಿ ಇದ್ದರೂ ಅದನ್ನು ಸಾಧ್ಯವಾದಷ್ಟು ತಪ್ಪಿಸಿ, ಹೆಸರಿಗೆ 'ಸಾನ್' ಸೇರಿಸಿ ಕರೆಯುತ್ತಾರೆ. ಪ್ರಶ್ನೆಯಲ್ಲಿ "ಮಿಯಾವಿ ಸಾನ್" ಎಂದು ಬರೆದರೆ ಮರ್ಯಾದೆಯೂ ಆಯಿತು, ದುಭಾಷಿಯ ಒಂದು ಕೆಲಸವೂ ಕಡಿಮೆಯಾಯಿತು. ನಿಷೇಧರೂಪದ ಪ್ರಶ್ನೆ ಬೇಡ. "ಭಯವಾಗಲಿಲ್ಲವೇ?" ಎಂದರೆ ಅವರು "ಹಾಯ್" (ಹೌದು) ಎಂದಾರು, ಅದು "ಹೌದು, ಆಗಲಿಲ್ಲ" ಎಂದೋ "ಹೌದು, ಆಯಿತು" ಎಂದೋ ಬರೆದುಕೊಳ್ಳುವವರಿಗೆ ಗೊಂದಲ. "ಊಟ ಆಗಿಲ್ಲವೇ?" ಎಂದರೆ ನಾವೂ "ಹೌದು, ಆಗಿಲ್ಲ" ಎನ್ನುವವರಲ್ಲವೇ. ಹೊಗಳಿಕೆಯ ವಿಶೇಷಣಗಳನ್ನು ಕಿತ್ತುಹಾಕಿ. ಹೊಗಳಿದ ಕೂಡಲೇ "ಛೆ ಛೆ, ಅಂಥದ್ದೇನಿಲ್ಲ" ಎಂದು ತಳ್ಳಿಹಾಕುವುದು ಅಲ್ಲಿಯ ನಡವಳಿಕೆ, ನಮ್ಮ ಅಜ್ಜಿಯರ ಹಾಗೆಯೇ. ಆ ಕೊಡುಕೊಳ್ಳುವಿಕೆಗೆ ಅರ್ಧ ನಿಮಿಷ ಹೋಗುತ್ತದೆ.

ನನಗೆ ಬಹಳ ಪ್ರಿಯವಾದ ಉಪಾಯವೊಂದಿದೆ: ಅನುಕರಣ ಪದ. ಜಪಾನಿ ಭಾಷೆಯಲ್ಲಿ ಇವು ಹೇರಳ. ಎದೆ 'ದೊಕಿ ದೊಕಿ' ಬಡಿದುಕೊಳ್ಳುತ್ತದೆ, ಹೊಳೆಯುವುದು 'ಕಿರಾ ಕಿರಾ'. ಅಲ್ಲಿಯ ಗಿಟಾರ್ ವಾದಕರು ತಮ್ಮ ನಾದದ ಬಗ್ಗೆ ಮಾತನಾಡುವಾಗ ತಾಂತ್ರಿಕ ಪದಗಳಿಗಿಂತ 'ಗ್ಯಾನ್', 'ಜುನ್ ಜುನ್' ಎಂಬಂಥವನ್ನೇ ಸಲೀಸಾಗಿ ಬಳಸುತ್ತಾರೆ. ಧಗಧಗ, ಗುಡುಗುಡು, ಝಲ್ಲೆನ್ನುವ ಕನ್ನಡದವರಿಗೆ ಇದು ಹೊಸದಲ್ಲ. "ಆ ಹಾಡಿನ ಮೊದಲ ಏಟು ನನಗೆ 'ಧಡ್' ಎಂದು ಕೇಳಿಸುತ್ತದೆ. ಮಿಯಾವಿ ಸಾನ್ ಅವರ ಕಿವಿಗೆ ಅದು ಯಾವ ಸದ್ದು?" ಎಂದು ಕೇಳಿ ನೋಡಿ. ದುಭಾಷಿಗೆ ಮೊದಲು ಗಾಬರಿ, ಆಮೇಲೆ ನಗು, ಆಮೇಲೆ ಸಂಗೀತಗಾರರು ಬಾಯಲ್ಲೇ ಗಿಟಾರ್ ನುಡಿಸಿ ತೋರಿಸುತ್ತಾರೆ.

ಮಿಯಾವಿ ಇಂಗ್ಲಿಷಿನಲ್ಲಿ ನೇರವಾಗಿ ಮಾತನಾಡುವವರು, 2006ರಲ್ಲಿ ಕೆಲವು ತಿಂಗಳು ಲಾಸ್ ಏಂಜಲೀಸ್‌ನಲ್ಲಿ ಕಲಿಯಲೆಂದು ಇದ್ದವರು. ಅಂಥವರ ಜೊತೆ ದುಭಾಷಿಯ ಲೆಕ್ಕ ಸಡಿಲವಾಗುತ್ತದೆ. ಆದರೂ ಚಿಕ್ಕ ಪ್ರಶ್ನೆಯೇ ಒಳ್ಳೆಯದು.

ಹೆಜ್ಜೆ 4: ವೇಷ ಕಟ್ಟಿದವರನ್ನು ವೇಷದಲ್ಲೇ ಮಾತನಾಡಿಸಿ

ವಿಷುವಲ್ ಕೇ ಎಂದರೆ ಬಣ್ಣ, ಉಡುಪು, ಕೇಶಾಲಂಕಾರಗಳು ಹಾಡಿನಷ್ಟೇ ಮುಖ್ಯವಾದ ಜಪಾನಿ ರಾಕ್ ಪರಂಪರೆ. ಅದರ ಹಲವು ಕಲಾವಿದರು ನಿಜನಾಮವನ್ನಾಗಲಿ ಹುಟ್ಟಿದ ವರ್ಷವನ್ನಾಗಲಿ ಹೇಳುವುದಿಲ್ಲ, ಬೇಕಾದರೆ ರಕ್ತದ ಗುಂಪು ಹೇಳುತ್ತಾರೆ. ಅಲ್ಲಿ ರಕ್ತದ ಗುಂಪಿನಿಂದ ಸ್ವಭಾವ ಅಳೆಯುವ ರೂಢಿಯಿದೆ, ನಮ್ಮಲ್ಲಿ ರಾಶಿ ನಕ್ಷತ್ರ ಕೇಳಿದಂತೆ. ಮುಚ್ಚಿಟ್ಟದ್ದನ್ನು ಕೆದಕುವ ಪ್ರಶ್ನೆ ಪಟ್ಟಿಯಿಂದ ತಕ್ಷಣ ಹೊರಬೀಳುತ್ತದೆ.

ವೇಷ ಇನ್ನೂ ಮುಂದೆ ಹೋಗುವ ಬ್ಯಾಂಡುಗಳಿವೆ. ಸೇಕಿಮಾ ತ್ಸು ಬ್ಯಾಂಡಿನ ಗಾಯಕ ಡೆಮನ್ ಕಾಕ್ಕ ತಾವು ಒಂದು ಲಕ್ಷ ವರ್ಷ ದಾಟಿದ ರಾಕ್ಷಸ ಎನ್ನುತ್ತಾರೆ. ಬಿಳಿ ಬಣ್ಣ ಬಳಿದ ಅದೇ ಮುಖದಲ್ಲಿ ಸುಮೊ ಕುಸ್ತಿಯ ಬಗ್ಗೆ ಬಲು ಗಂಭೀರವಾಗಿ ಮಾತನಾಡಿದ್ದಾರೆ. ಆ ಬ್ಯಾಂಡ್ ತನ್ನ ಕೆಲಸ ಮುಗಿಯಿತೆಂದು 1999ರ ಡಿಸೆಂಬರ್ 31ಕ್ಕೆ ಸರಿಯಾಗಿ ವಿಸರ್ಜನೆಗೊಂಡಿತು, ಆಮೇಲೆ ಮತ್ತೆ ಮತ್ತೆ ಒಂದಾಯಿತು. ಮ್ಯಾನ್ ವಿತ್ ಎ ಮಿಷನ್ ಬ್ಯಾಂಡಿನವರು ತೋಳದ ತಲೆ ಹೊತ್ತು ನುಡಿಸುತ್ತಾರೆ. ಬೇಬಿಮೆಟಲ್ ತಂಡದವರು ತಮ್ಮನ್ನು ನಡೆಸುವುದು ನರಿದೇವತೆ ಎನ್ನುತ್ತಾರೆ. ಇವರಿಗೆ "ಮುಖವಾಡದ ಕೆಳಗೆ ಯಾರು?" ಎಂದು ಕೇಳುವುದು ದಂಡ. ಯಕ್ಷಗಾನದಲ್ಲಿ ಮಹಿಷಾಸುರ ದೀವಟಿಗೆ ಹಿಡಿದು ಸಭೆಯ ನಡುವಿನಿಂದ ಅಬ್ಬರಿಸುತ್ತ ಬರುವಾಗ "ರಾಯರೇ, ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಎಂದು ಯಾರಾದರೂ ಕೇಳುತ್ತಾರೆಯೇ? ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಕೇಳಬಹುದು, ಅದೂ ಬಣ್ಣ ಕಳಚಿದ ಮೇಲೆ.

ವೇಷದೊಳಗೇ ಪ್ರಶ್ನೆ ಹೂಡಿದರೆ ರಸ ಬರುತ್ತದೆ. ತೋಳಗಳಿಗೆ: "ಬೇಸಗೆಯ ಬಯಲು ಉತ್ಸವದಲ್ಲಿ ಅಷ್ಟು ತುಪ್ಪಳ ಹೊತ್ತು ಹೇಗೆ ನುಡಿಸುತ್ತೀರಿ?" ರಾಕ್ಷಸರಿಗೆ: "ಒಂದು ಲಕ್ಷ ವರ್ಷದಲ್ಲಿ ಮನುಷ್ಯರ ಯಾವ ವಾದ್ಯ ನಿಮ್ಮನ್ನು ಬೆಚ್ಚಿಬೀಳಿಸಿತು?"

ಹೆಜ್ಜೆ 5: ಮೆಲ್ಲಗೆ ಮುಟ್ಟಬೇಕಾದ ಜಾಗಗಳು

ಪ್ರಶ್ನೆಗಳ ಪಟ್ಟಿಯನ್ನು ಕಲಾವಿದರ ಕಚೇರಿಗೆ ಮುಂಚಿತವಾಗಿ ಕಳುಹಿಸಬೇಕಾಗುವುದೇ ಹೆಚ್ಚು. ಈ ಕಚೇರಿಗೆ ಜಪಾನಿನಲ್ಲಿ 'ಜಿಮುಶೊ' ಎನ್ನುತ್ತಾರೆ. ಕಲಾವಿದರ ಕೆಲಸ, ಹೆಸರು, ಮಾತು ಮೂರನ್ನೂ ಕಾಯುವುದು ಅದೇ. ಅವರಿಗೆ ಇರಿಸುಮುರಿಸಾದ ಒಂದು ಪ್ರಶ್ನೆ ಉಳಿದ ಆರನ್ನೂ ತಡೆಹಿಡಿಸಬಲ್ಲದು. ಪ್ರೇಮ, ಮದುವೆ, ಸಂಬಳ, ಹಳೆಯ ಬ್ಯಾಂಡ್ ಒಡೆದ ಕಾರಣ, ಇನ್ನೊಬ್ಬ ಸಂಗೀತಗಾರರ ಬಗ್ಗೆ ಅಭಿಪ್ರಾಯ, ಇವು ಬೇಡ. ಮಿಯಾವಿ 2007ರಲ್ಲಿ ಯೋಶಿಕಿ, ಗ್ಯಾಕ್ಟ್, ಸುಗಿಜೊ ಎಂಬ ಸಂಗೀತಗಾರರ ಜೊತೆ ಸ್ಕಿನ್ ಎಂಬ ತಂಡದಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್‌ನಲ್ಲಿ ನುಡಿಸಿದರು. 2022ರಲ್ಲಿ ಘೋಷಣೆಯಾದ ದಿ ಲಾಸ್ಟ್ ರಾಕ್‌ಸ್ಟಾರ್ಸ್ ಎಂಬ ತಂಡದಲ್ಲಿ ಗ್ಯಾಕ್ಟ್ ಬದಲು ಗಾಯಕ ಹೈಡ್ ಇದ್ದರು. "ಸ್ಕಿನ್ ಏಕೆ ಮುಂದುವರಿಯಲಿಲ್ಲ? ತಪ್ಪು ಯಾರದು?" ಎಂಬ ಪ್ರಶ್ನೆ ಪ್ರತಿ ರಾಶಿಯಲ್ಲೂ ಇರುತ್ತಿತ್ತು. ಅದನ್ನು "ನಾಲ್ವರು ನಾಯಕರಿರುವ ತಂಡದ ತಾಲೀಮಿನಲ್ಲಿ ಒಂದು ಹಾಡು ಮುಗಿಯಿತೆಂದು ಯಾರು ಹೇಳುತ್ತಾರೆ?" ಎಂದು ತಿರುಗಿಸಿದರೆ ಚಾಡಿ ಹೋಗಿ ಕೆಲಸದ ಮಾತಾಯಿತು.

ಸಾವಿನ ಬಗ್ಗೆ ಕೇಳಲೇಬಾರದೆಂದಿಲ್ಲ. ಎಕ್ಸ್ ಜಪಾನ್ ಬ್ಯಾಂಡಿನ ಗಿಟಾರ್ ವಾದಕ ಹಿಡೆ 1998ರ ಮೇ ತಿಂಗಳಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಬ್ಯಾಂಡ್ ಟೋಕಿಯೊ ಡೋಮ್‌ನಲ್ಲಿ ಮತ್ತೆ ಸೇರಿದಾಗ ಅವರ ಬಿಂಬವನ್ನು ವೇದಿಕೆಯ ಮೇಲೆ ಮೂಡಿಸಿದರು. ಡ್ರಮ್ ನುಡಿಸುವ ಯೋಶಿಕಿ ಅವರಿಗೆ "ಹಿಡೆ ನೆನಪಾಗುತ್ತಾರೆಯೇ?" ಎಂದು ಕೇಳುವುದು ಕಣ್ಣೀರು ಬೇಡಿದಂತೆ. "ಇಲ್ಲದ ಗೆಳೆಯರ ಬಿಂಬದ ಪಕ್ಕ ಕುಳಿತು ನುಡಿಸುವಾಗ ಲಯವನ್ನು ಯಾರಿಂದ ಹಿಡಿಯುತ್ತೀರಿ?" ಎಂದರೆ ಸಂಗೀತದ ಪ್ರಶ್ನೆಯಾಗಿಯೇ ಉಳಿಯುತ್ತದೆ. ದುಃಖದ ಬಗ್ಗೆ ಹೇಳಬೇಕೋ ಬೇಡವೋ ಎಂಬುದು ಅವರ ಇಷ್ಟ.

ಯುದ್ಧ, ರಾಜಕೀಯಕ್ಕೂ ಇದೇ ದಾರಿ. ಆಂಜಲೀನಾ ಜೋಲಿ ನಿರ್ದೇಶಿಸಿದ 2014ರ 'ಅನ್‌ಬ್ರೋಕನ್' ಚಿತ್ರದಲ್ಲಿ ಮಿಯಾವಿ ಯುದ್ಧಕೈದಿಗಳನ್ನು ಹಿಂಸಿಸುವ ಜಪಾನಿ ಸೈನಿಕನ ಪಾತ್ರ ಮಾಡಿದರು. ಚಿತ್ರದ ವಿರುದ್ಧ ಜಪಾನಿನಲ್ಲಿ ಪ್ರತಿಭಟನೆಯ ದನಿ ಎದ್ದು, ಅಲ್ಲಿ ಅದು ತೆರೆಕಂಡದ್ದೇ 2016ರಲ್ಲಿ. "ನಿಮ್ಮ ದೇಶ ತಪ್ಪು ಮಾಡಿತೇ?" ಎಂದು ಕೇಳಿದವರೂ ಇದ್ದರು, ಪಾಪ, ಅವರ ಉದ್ದೇಶ ಕೆಟ್ಟದಿರಲಿಲ್ಲ. "ಹಗಲು ಹೊಡೆಯುವ ದೃಶ್ಯ ಮುಗಿಸಿ ರಾತ್ರಿ ಗಿಟಾರ್ ಹಿಡಿದಾಗ ಆ ಕೈ ಹೇಗಿರುತ್ತಿತ್ತು?" ಎಂದು ಕೇಳಬಹುದಿತ್ತು. 2017ರ ನವೆಂಬರ್‌ನಿಂದ ಅವರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಸದ್ಭಾವನಾ ರಾಯಭಾರಿ, ಆ ಸ್ಥಾನಕ್ಕೆ ಬಂದ ಮೊದಲ ಜಪಾನಿ. ಲೆಬನಾನ್, ಬಾಂಗ್ಲಾದೇಶದ ಶಿಬಿರಗಳಿಗೆ ಗಿಟಾರ್ ಹಿಡಿದು ಹೋಗಿದ್ದಾರೆ. ಇಲ್ಲಿ ಎಲ್ಲರೂ "ನಿಮಗೆ ಏನನ್ನಿಸಿತು?" ಎಂದು ಕೇಳುತ್ತಾರೆ. ನನಗೆ ಬೇಕಾಗಿದ್ದ ಪ್ರಶ್ನೆ ಬೇರೆ: "ಶಿಬಿರದ ಮಕ್ಕಳು ಗಿಟಾರನ್ನು ಕೈಗೆ ತೆಗೆದುಕೊಂಡು ಮೊದಲು ಏನು ಮಾಡುತ್ತಾರೆ?"

ಹೆಜ್ಜೆ 6: "ನಮ್ಮದು" ಎಂಬ ಬಲೆ

ಇದು ನಮ್ಮವರಿಗೆ ವಿಶೇಷವಾಗಿ. ಕರ್ನಾಟಕ ಸಂಗೀತ ಕೇಳಿದ್ದೀರಾ, ಮಸಾಲೆ ದೋಸೆ ತಿಂದಿದ್ದೀರಾ, ನಿಮ್ಮ ಸಾಂಪ್ರದಾಯಿಕ ರಂಗಕಲೆ ಕಬುಕಿ ನಮ್ಮ ಯಕ್ಷಗಾನದಂತೆ ಅಲ್ಲವೇ? ಮಿಯಾವಿ 2008ರಲ್ಲಿ ಕಬುಕಿ ರಾಕ್ ಎಂಬ ಹೆಸರಿನಲ್ಲೇ ಆಲ್ಬಮ್ ತಂದವರಾದ್ದರಿಂದ ಕೊನೆಯದನ್ನು ಕೇಳಲು ನನಗೂ ನಾಲಿಗೆ ತುರಿಸಿದ್ದುಂಟು. ಆದರೆ ಎದುರಿನವರು ನೋಡದ್ದರ ಜೊತೆ ಹೋಲಿಕೆ ಮಾಡಿಸಿದರೆ "ಓಹೋ, ಹಾಗೇನು" ಎಂಬುದಕ್ಕಿಂತ ಹೆಚ್ಚು ಸಿಗುವುದಿಲ್ಲ. ಹೋಲಿಕೆ ನಿಮ್ಮ ತಲೆಯಲ್ಲಿರಲಿ, ಅದರಿಂದ ಹುಟ್ಟಿದ ಕುತೂಹಲ ಮಾತ್ರ ಪ್ರಶ್ನೆಗೆ ಇಳಿಯಲಿ. ಬಣ್ಣ ಹಚ್ಚಿಕೊಳ್ಳುತ್ತ ಹಚ್ಚಿಕೊಳ್ಳುತ್ತ ಮನುಷ್ಯ ಪಾತ್ರವಾಗುವ ಗಳಿಗೆಯನ್ನು ಚೌಕಿಯಲ್ಲಿ ನೋಡಿದವರು, "ಕನ್ನಡಿಯ ಮುಂದೆ ಯಾವ ಬಣ್ಣ ಹಚ್ಚಿದ ಮೇಲೆ ವೇದಿಕೆಯ ದನಿ ಬರುತ್ತದೆ?" ಎಂದು ಕೇಳಬಲ್ಲರು. ಯಕ್ಷಗಾನದ ಹೆಸರೆತ್ತದೆಯೂ ಅದು ನಮ್ಮ ಪ್ರಶ್ನೆಯೇ.

ಎರಡು ಊರಿನ ಪ್ರೇಕ್ಷಕರನ್ನು ಹೋಲಿಸಲೂ ಹೇಳಬೇಡಿ. ಹೋಲಿಸಬೇಕೆಂದರೆ ಕೆಲಸದ ಮೂಲಕ: "ಜಪಾನಿನ ಪ್ರೇಕ್ಷಕರು ಹಾಡುಗಳ ನಡುವೆ ಸುಮ್ಮನಾಗುತ್ತಾರೆ, ಇಲ್ಲಿ ಕೂಗು ನಿಲ್ಲುವುದಿಲ್ಲ. ಮೆಲುದನಿಯ ಹಾಡನ್ನು ಇಲ್ಲಿ ಯಾವಾಗ ಶುರು ಮಾಡುತ್ತೀರಿ?"

ಹೆಜ್ಜೆ 7: ಕಳುಹಿಸುವುದು

ಹತ್ತು ಪ್ರಶ್ನೆ ಬರೆಯಿರಿ, ಎರಡನ್ನು ಕಳುಹಿಸಿ. ಉದ್ದದ ಪಟ್ಟಿ ಕಳುಹಿಸಿದವರ ಒಳ್ಳೆಯ ಪ್ರಶ್ನೆ ಒಂಬತ್ತನೆಯದಾಗಿರುತ್ತದೆ, ಅಷ್ಟು ಹೊತ್ತಿಗೆ ಸೋಸುವವರ ಕಣ್ಣು ಸೋತಿರುತ್ತದೆ. ಪ್ರಶ್ನೆಯ ಕೆಳಗೆ ಅದಕ್ಕೆ ಕಾರಣವಾದದ್ದನ್ನು ಒಂದೇ ಸಾಲಿನಲ್ಲಿ ತಿಳಿಸಿ, ಯಾವ ಹಾಡು, ಯಾವ ವರ್ಷದ ಯಾವ ಕಾರ್ಯಕ್ರಮ ಎಂದು. ಸಂದರ್ಶಕರಿಗೆ ಮುಂದಿನ ಮಾತು ಜೋಡಿಸಲು ಅದು ಬೇಕು. ಹೆಸರು, ಊರು ಸಾಕು. ಗಡುವಿಗೆ ಎರಡು ದಿನ ಮೊದಲೇ ಕಳುಹಿಸಿ, ಏಕೆಂದರೆ ಪಟ್ಟಿ ಜಿಮುಶೊಗೆ ಹೋಗಬೇಕು. ನಿಮ್ಮ ಪ್ರಶ್ನೆಯನ್ನು ತಿದ್ದಿ ಕೇಳಿದರೆ, ಇನ್ನೊಬ್ಬರದರ ಜೊತೆ ಬೆರೆಸಿದರೆ ಬೇಸರ ಮಾಡಿಕೊಳ್ಳಬೇಡಿ. ಮಿಂಚಂಚೆಯ ಸಂದರ್ಶನವಾದರೆ ಇನ್ನೂ ಚಿಕ್ಕದಾಗಿ ಬರೆಯಿರಿ. ಉತ್ತರವನ್ನು ಅವರು ಬಸ್ಸಿನಲ್ಲೋ ವಿಮಾನದಲ್ಲೋ ಕುಳಿತು ಫೋನಿನಲ್ಲಿ ಟೈಪ್ ಮಾಡುತ್ತಾರೆ.

ಒಂದು ಸಲ, ಹೆಸರು ಬೇಡ, ದಣಿದ ಗಿಟಾರ್ ವಾದಕರೊಬ್ಬರು ನಾಲ್ಕು ಪ್ರಶ್ನೆಗಳಿಗೆ ನಾಲ್ಕು ವಿನಯದ ವಾಕ್ಯ ಹೇಳಿ ಗಡಿಯಾರ ನೋಡುತ್ತಿದ್ದರು. ಐದನೆಯದು ಪಕ್ಕದೂರಿನ ಶಾಲಾ ಹುಡುಗಿಯೊಬ್ಬಳು ಕಳುಹಿಸಿದ್ದು. "ಮೊದಲ ಹಾಡಿಗೆ ಮುಂಚೆ ಆಂಪ್ಲಿಫೈಯರಿನ ನೆತ್ತಿಯನ್ನು ಎರಡು ಸಲ ತಟ್ಟುವುದೇಕೆ?" ದುಭಾಷಿ ಕೇಳಿದರು. ಅವರು ಇನ್ನೊಮ್ಮೆ ಹೇಳಿ ಎಂದರು. ಆಮೇಲೆ ತಮ್ಮ ಬಲಗೈಯನ್ನು ತಾವೇ ನೋಡಿಕೊಂಡು ನಕ್ಕರು. ಶುರುವಿನ ದಿನಗಳಲ್ಲಿ ನುಡಿಸುತ್ತಿದ್ದ ಚಿಕ್ಕ ಲೈವ್ ಹೌಸಿನ (ಬ್ಯಾಂಡುಗಳು ನುಡಿಸುವ ಸಣ್ಣ ಸಭಾಂಗಣದ) ಆಂಪ್ ಹಳೆಯದಂತೆ, ಒಳಗೆ ಏನೋ ಸಡಿಲವಾಗಿ, ಎರಡು ಸಲ ತಟ್ಟದಿದ್ದರೆ ಸದ್ದೇ ಬರುತ್ತಿರಲಿಲ್ಲವಂತೆ. ಆ ಆಂಪ್ ಹೋಗಿ ಹದಿನೈದು ವರ್ಷವಾಗಿತ್ತು. ತಾವು ಈಗಲೂ ತಟ್ಟುತ್ತೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷದ ಸಂದರ್ಶನ ಐವತ್ತು ನಿಮಿಷವಾಯಿತು, ಮ್ಯಾನೇಜರ್ ಎರಡು ಸಲ ಬಾಗಿಲು ತೆರೆದು ನೋಡಿ ಹೋದರು.

ಆ ರಾತ್ರಿ ದೀಪ ಆರಿ ಹತ್ತಿದಾಗ ಅವರ ಕೈ ಆಂಪಿನ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ಜನರ ಕಡೆಗೊಮ್ಮೆ ನೋಡಿ, ಮೂರು ಸಲ ತಟ್ಟಿದರು.